ಅರ್ಧಕ್ಕೆ ನಿಂತ ಪ್ರದಕ್ಷಿಣೆ

ನನ್ನ ಅತ್ತೆಯ ಒಂದು ಪ್ರದಕ್ಷಿಣೆ ಇಡೀ ವರ್ಷ ಅರ್ಧಕ್ಕೆ ನಿಂತಿತ್ತು. ನಿಲ್ಲಿಸಿದವನು ನಾನು.

ಕೊಂಕಣದ ಹರಿಹರೇಶ್ವರದಲ್ಲಿ ಗುಡಿಗಲ್ಲ, ಗುಡ್ಡಕ್ಕೇ ಸುತ್ತು ಬರಬೇಕು. ಗುಡಿಯ ಹಿಂದಿನಿಂದ ಹತ್ತಿ, ಎರಡು ಬಂಡೆಗಳ ನಡುವಿನ ಕಡಿದಾದ ಮೆಟ್ಟಿಲುಗಳಲ್ಲಿ ಸಮುದ್ರಕ್ಕೆ ಇಳಿದು, ಅಲೆ ಕೊರೆದ ಕರಿಗೋಡೆಗಳ ಬುಡದಲ್ಲೇ ನಡೆದು, ಮರಳಿನ ದಂಡೆಯ ಮೇಲಿಂದ ಗುಡಿಗೆ ಮರಳುವುದು. ನೀರು ಇಳಿದಾಗ ಮಾತ್ರ ಈ ದಾರಿ. ಉಬ್ಬರ ಬಂದರೆ ದಾರಿಯೂ ಇಲ್ಲ, ದಾರಿಹೋಕನೂ ಇಲ್ಲ.

ಮೊದಲ ಸಲ ಹೋದಾಗ ಆ ಮೆಟ್ಟಿಲ ನಡುವೆ ನಿಂತು ಕೆಳಗೆ ನೋಡಿದೆ. “ನೀರು ಏರ್ತಾ ಇದೆ! ಹಿಂದೆ ಹೋಗಿ, ಹಿಂದೆ!” ಎಂದು ಕೂಗಿ ಹೆಂಡತಿಯನ್ನೂ ಅತ್ತೆಯನ್ನೂ ಮೇಲಕ್ಕೆ ಅಟ್ಟಿಕೊಂಡು ಬಂದೆ. ನಿಜಕ್ಕೂ ಏರುತ್ತಿದ್ದದ್ದು ನನ್ನ ಎದೆಬಡಿತ. ಡೊಂಬಿವಲಿಯಲ್ಲಿ ಲೋಕಲ್ ರೈಲು ಬರುವಾಗ ಪ್ಲಾಟ್‌ಫಾರ್ಮಿನ ಕಂಬ ತಬ್ಬಿ ನಿಲ್ಲುವವನು, ಬೀಗ ಹಾಕಿದೆನೋ ಇಲ್ಲವೋ ಎಂದು ಮೂರು ಮಹಡಿ ಮತ್ತೆ ಹತ್ತುವವನು ನಾನು.

ಮರುವರ್ಷ ಡಿಸೆಂಬರಿನಲ್ಲಿ ಅತ್ತೆ ಉಡುಪಿಯಿಂದ ಮತ್ತೆ ಬಂದರು. ಎಪ್ಪತ್ತು ದಾಟಿತ್ತು. ಊರಿಗೆ ಮರಳಲು ನಾಲ್ಕು ದಿನ ಉಳಿದಿರುವಾಗ, “ಅರ್ಧ ಸುತ್ತು ಬಂದವರಿಗೆ ದೇವರು ಬೆನ್ನು ಮಾತ್ರ ತೋರಿಸ್ತಾನಂತೆ” ಎಂದು ಯಾವ ಪುರಾಣದಲ್ಲೂ ಇಲ್ಲದ ಮಾತನ್ನು ತಣ್ಣಗೆ ಹೇಳಿದರು.

“ಈ ಸಲ ನಿಮ್ಮ ಬಾಯಿಂದ ‘ನೀರು’ ಅಂತ ಬಂದ್ರೆ ನೋಡಿ ಮತ್ತೆ,” ಎಂದಳು ಹೆಂಡತಿ.

ಪನ್ವೇಲಿನಲ್ಲಿ ಸರ್ಕಾರಿ ಎಸ್‌ಟಿ ಬಸ್ಸು ಹಿಡಿದು ಹೋದೆವು. ರಾತ್ರಿ ಅಲ್ಲೇ ತಂಗಿ, ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಚಹಾದಂಗಡಿಯವನನ್ನು ನಾನೊಬ್ಬನೇ ಹೋಗಿ ವಿಚಾರಿಸಿದೆ. “ಓಹೋಟಿ ದೀಡ್ ವಾಜತಾ, ಸಾಹೇಬ್,” ಎಂದ. ಒಂದೂವರೆಗೆ ಇಳಿತ. ನಾನು ತಿರುಗಿ ಬಂದು, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು ವರದಿ ಒಪ್ಪಿಸಿದೆ: “ಒಂದೂವರೆಗೆ ಉಬ್ಬರವಂತೆ. ಇಳಿಯುವುದು ಇನ್ನು ರಾತ್ರಿಯೇ.”

ಅತ್ತೆ ಹೆಬ್ಬೆರಳನ್ನು ಬೆರಳುಗೆಣ್ಣುಗಳ ಮೇಲೆ ಆಡಿಸಿದರು. ಜಪವಿರಬೇಕೆಂದುಕೊಂಡೆ. “ಹೌದಾ? ಸಮುದ್ರಕ್ಕೆ ನಾವು ಎಂತ ಹೇಳ್ಲಿಕ್ಕಾಗ್ತದೆ? ನೀವು ಊಟ ಮಾಡಿ ಮಲಗಿ, ಪಾಪ.”

ಮಲಗಿದೆ. ಸುಳ್ಳು ಹೇಳಿದವನಿಗೆ ಅಷ್ಟು ಒಳ್ಳೆಯ ನಿದ್ದೆ ಬರಬಾರದಿತ್ತು. ಎದ್ದಾಗ ಒಂದೂವರೆ. ಬಾಗಿಲ ಬಳಿ ಎರಡು ಜೊತೆ ಹೆಂಗಸರ ಚಪ್ಪಲಿ, ಕೋಣೆಯಲ್ಲಿ ಹೆಂಗಸರಿಲ್ಲ. ಪ್ರದಕ್ಷಿಣೆಗೆ ಬರಿಗಾಲಲ್ಲಿ ಹೋಗುತ್ತಾರೆ ಎಂಬುದು ಹೊಳೆಯಲು ಒಂದು ಕ್ಷಣ ಬೇಕಾಯಿತು.

ಓಡಿದೆ. ಆ ಮೆಟ್ಟಿಲುಗಳ ಭಯಕ್ಕೆ ದಂಡೆಯ ಕಡೆಯಿಂದ, ಅಂದರೆ ಪ್ರದಕ್ಷಿಣೆ ಮುಗಿಯುವ ತುದಿಯಿಂದ ಹೊಕ್ಕೆ. ಎದುರಿಗೆ ಬಂದವರೆಲ್ಲ “ಉಲಟೆ ಚಾಲಲಾತ್ ಕಾಕಾ!”, ಉಲ್ಟಾ ಹೊರಟಿದ್ದೀರಿ ಎಂದು ನಗುತ್ತ ದಾಟಿದರು. ಎಡಕ್ಕೆ ನೆತ್ತಿಯ ಮೇಲೆ ಬಾಗಿದ ಬಂಡೆ, ಮೈತುಂಬ ಜೇನುಗೂಡಿನಂತೆ ತೂತು. ಬಲಕ್ಕೆ ಸಮುದ್ರ, ಅಲೆ ಅಪ್ಪಳಿಸಿದರೆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಲುಪುತ್ತಿತ್ತು. ತಿರುವಿನಲ್ಲಿ ಅವರಿಬ್ಬರೂ ಆರಾಮವಾಗಿ ಬರುತ್ತಿದ್ದರು.

ಅತ್ತೆ ನನ್ನ ಒದ್ದೆಯಾಗದ ಪ್ಯಾಂಟನ್ನೇ ನೋಡಿದರು. “ಉಬ್ಬರದಲ್ಲಿ ಈಜಿಕೊಂಡು ಬಂದ್ರಾ, ಅಳಿಯಂದಿರೇ?”

ಹೆಂಡತಿ ಸೆರಗಿನೊಳಗೆ ನಗುತ್ತಿದ್ದಳು.

“ಇವತ್ತು ದಶಮಿ,” ಅತ್ತೆ ಮತ್ತೆ ಬೆರಳುಗೆಣ್ಣು ಎಣಿಸಿದರು. “ತಿಥಿಯ ಮುಕ್ಕಾಲು ಎಷ್ಟೋ ಅಷ್ಟು ಗಂಟೆಗೆ ಉಬ್ಬರ. ಹತ್ತರ ಮುಕ್ಕಾಲು ಏಳೂವರೆ. ಏಳೂವರೆಗೆ ತುಂಬಿದ್ದು ಒಂದೂವರೆಗೆ ಇಳೀಬೇಕಾ ಬೇಡ್ವಾ? ದೋಣಿಯಲ್ಲಿ ಅಳಿವೆ ದಾಟಿ ಶಾಲೆಗೆ ಹೋದವಳು ಮಾರಾಯ್ರೆ ನಾನು.”

ಅಷ್ಟರಲ್ಲಿ ಅಲೆಯೊಂದು ಸಮೀಪದಲ್ಲೇ ಒಡೆದು ಮುಖಕ್ಕೆ ಸಿಡಿಯಿತು. ನಾನು ಬಂಡೆಗೆ ಹಲ್ಲಿಯಂತೆ ಅಂಟಿಕೊಂಡೆ. ಕಾಲು ಕೀಳಲಾಗಲಿಲ್ಲ. ಅತ್ತೆ ಕೈ ಚಾಚಿದರು. “ಹಿಡ್ಕೊಳ್ಳಿ. ನಿಮ್ಮನ್ನು ಇಲ್ಲಿ ಬಿಟ್ರೆ ಇವಳು ನಿಲ್ತಾಳೆ, ಇವಳು ನಿಂತ್ರೆ ನಂದು ಈ ಸಲವೂ ಅರ್ಧ.”

ಬರಿಗಾಲಿನ ಮುದುಕಿ ಮುಂದೆ, ಬೂಟಿನ ಅಳಿಯ ಹಿಂದೆ. ಹಾಗೆ ಗುಡಿಗೆ ಬಂದೆವು. ಹೊಸಿಲಿಗೆ ಹಣೆ ಹಚ್ಚಿದ ಅತ್ತೆ ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣು ಒರೆಸಿಕೊಂಡರು. ಇದಕ್ಕೆ ಅವರನ್ನು ಒಂದು ವರ್ಷ ಕಾಯಿಸಿದೆನಲ್ಲ ಎಂದು ನನಗೆ ತಲೆ ಎತ್ತಲಾಗಲಿಲ್ಲ.

“ಇವರದ್ದು ಎಷ್ಟಾಯ್ತಮ್ಮ?” ಹೆಂಡತಿ ಕೇಳಿದಳು.

“ಉಲ್ಟಾ ಹೋದದ್ದಕ್ಕೆ ಸರಿ ಬಂದದ್ದು ವಜಾ. ಸೊನ್ನೆ.”

“ಹಾಗಾದ್ರೆ ಈಗಲೇ ಒಂದು ಪೂರ್ತಿ ಸುತ್ತು ಬಂದುಬಿಡ್ತೇನೆ,” ಎಂದೆ. ಯಾರ ಬಾಯಿಂದ ಬಂತೆಂದು ನಾನೇ ತಿರುಗಿ ನೋಡುವಂತಾಯಿತು.

“ಈಗ ಬೇಡ. ನೀರು ಏರ್ತಾ ಉಂಟು. ನಿಜವಾಗಿ ಏರ್ತಾ ಉಂಟು. ಮುಂದಿನ ವರ್ಷ ಬಂದು ನಾನೇ ಕರ್ಕೊಂಡು ಹೋಗ್ತೇನೆ.”

“ಯಾವ ತಿಥಿ ನೋಡಿಡಲಿ?”

“ಅದನ್ನು ನಿಮಗೆ ಹೇಳುವುದಿಲ್ಲ,” ಎಂದರು ಅತ್ತೆ. “ನಿಮ್ಮ ಕೈಗೆ ಪಂಚಾಂಗ ಕೊಟ್ರೆ ಮೂರು ಹೊತ್ತೂ ಉಬ್ಬರವೇ.”