ಮೂರು ಸೀಟು, ಎಷ್ಟು ಓಟು?

ಗರಾಜಿನಲ್ಲಿ ಅತ್ತೆಯವರ ಷೂ ಕೆಸರು ಮೆತ್ತಿಕೊಂಡು ಕೂತಿತ್ತು. ದಾವಣಗೆರೆಯಿಂದ ಬಂದ ಎರಡೇ ವಾರಕ್ಕೆ ಅವರು ಲೈಬ್ರರಿಯ ದಾರಿ ಕಂಡುಕೊಂಡಿದ್ದಾರೆ. ದಾರಿ ಅಂದೆನಲ್ಲ, ತಕರಾರು ಇರುವುದೇ ಅಲ್ಲಿ. ನಮ್ಮ ಸಬ್‌ಡಿವಿಜನ್, ಅಂದರೆ ನಮ್ಮ ಬಡಾವಣೆ, ಮುಗಿದ ಕಡೆ ಫುಟ್‌ಪಾತೂ ಮುಗಿಯುತ್ತದೆ. ಆಮೇಲೆ ಅರ್ಧ ಮೈಲಿ ಬರೀ ಹುಲ್ಲು, ಚರಂಡಿ, ಪಕ್ಕದಲ್ಲೇ ಭರ್ರೆಂದು ಹೋಗುವ ಕಾರುಗಳು. ಕಾರಿನಲ್ಲಿ ಕೂತವರಿಗೆ ಇದು ಕಾಣುವುದಿಲ್ಲ. ರತ್ನಾ ಆಂಟಿ ತೋರಿಸುವ ತನಕ ನನಗೂ ಕಂಡಿರಲಿಲ್ಲ.

ಎದುರು ಮನೆಯ ರತ್ನಾ ಆಂಟಿ ಮೈಸೂರಿನವರು, ಆಸ್ಪತ್ರೆಯ ಲ್ಯಾಬಿನಲ್ಲಿದ್ದು ರಿಟೈರಾದವರು. ನಾಲ್ಕು ವರ್ಷದ ಹಿಂದೆ ಆ ಅರ್ಧ ಮೈಲಿಗಾಗಿಯೇ ಊರಿನ ಆಡಳಿತ ನಡೆಸುವ ಬೋರ್ಡಿನ ಚುನಾವಣೆಗೆ ನಿಂತರು.

ನಮ್ಮ ಕ್ಷೇತ್ರದ ಚರಿತ್ರೆ ಸ್ವಲ್ಪ ಹೇಳಬೇಕು, ಬೇಸರಿಸಬೇಡಿ. ಗ್ಲೆಂಡೇಲ್ ಹೈಟ್ಸ್ ಎಂಬ ಪಕ್ಕದ ಊರು ದಾಟಿದ ಮೇಲೆ ಸಿಗುವ ಈ ಪುಟ್ಟ ಊರಿಗೆ ವಾರ್ಡುಗಳಿಲ್ಲ. ಊರೆಲ್ಲ ಸೇರಿ ಒಂದೇ ಕ್ಷೇತ್ರ, ಅದಕ್ಕೆ ಮೂವರು ಸದಸ್ಯರು. ರೈಲು ಹಳಿಯ ಆಚೆ ನಾಲ್ಕಾರು ಬೀದಿಗಳಷ್ಟೇ ಇದ್ದಾಗ ಮಾಡಿಕೊಂಡ ಏರ್ಪಾಡು. ಆಮೇಲೆ ಜೋಳದ ಹೊಲಗಳು ಹೋಗಿ ಮನೆಗಳೆದ್ದವು. ಪೋಲಿಷರು ಬಂದರು, ಮೆಕ್ಸಿಕನ್ನರು ಬಂದರು, ಗುಜರಾತಿಗಳು, ತೆಲುಗರು, ಕೊನೆಗೆ ನಾವು. ಗೆಲ್ಲುವ ಮೂವರು ಮಾತ್ರ ಪ್ರತಿ ಸಲವೂ ಹಳಿಯ ಆಚೆಯವರೇ.

ಆ ಚುನಾವಣೆಯ ಬ್ಯಾಲೆಟಿನಲ್ಲಿ ಮೂವರಿಗೆ ಮೀರದಂತೆ ಓಟು ಹಾಕಿ ಎಂದಿತ್ತು. ಮೂರನ್ನೂ ಹಾಕಲೇಬೇಕೆಂದು ನಾವು ಅರ್ಥ ಮಾಡಿಕೊಂಡೆವು. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಧಾರವಾಡದ ಹಿರೇಮಠ ಅಂಕಲ್ ತೀರ್ಪೂ ಕೊಟ್ಟರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶದಲ್ಲೂ ಕೆಲವು ಕಡೆ ಇಬ್ಬರು ಸದಸ್ಯರ ಕ್ಷೇತ್ರಗಳಿದ್ದವಂತೆ, ಅವರ ತಂದೆ ಎರಡೆರಡು ಓಟು ಹಾಕಿದವರಂತೆ. ಇಷ್ಟು ಅನುಭವಸ್ಥ ಮನೆತನದ ಮುಂದೆ ನಾವು ಯಾವ ಲೆಕ್ಕ?

“ಮೂರು ಮಂದಿ ಕುಂತಿರ್ತಾರ. ಒಬ್ಬರಿಗಷ್ಟ ಚಾ ಕೊಟ್ಟು ಉಳಿದವರ ಮುಖಾ ಹೆಂಗ ನೋಡೂದ್ರಿ?” ಅಂದರು.

ಹೌದೆನಿಸಿತು. ಆಂಟಿಗೆ ಒಂದು ಹಾಕಿದೆ. ದಿನಾ ನಾಯಿ ಹಿಡಿದುಕೊಂಡು ಹಳಿಯ ಆಚೆಯಿಂದ ಬಂದು ಕೈ ಬೀಸುವ ಬಿಳಿಗಡ್ಡದ ಅಜ್ಜನಿಗೆ ಇನ್ನೊಂದು. ಮೂರನೆಯದು ಯಾರಿಗೋ, ನೆನಪಿಲ್ಲ. ನಮ್ಮ ಬೀದಿಯ ಕನ್ನಡದ ಮನೆಗಳೆಲ್ಲ ಹಾಗೇ ಮಾಡಿದ್ದವು. ಅಜ್ಜ ಮೂರನೆಯವರಾಗಿ ಗೆದ್ದರು. ಅವರಿಗಿಂತ ಹನ್ನೊಂದು ಓಟು ಕಡಿಮೆ ಬಿದ್ದು ಆಂಟಿ ಸೋತರು. ಅಜ್ಜನಿಗೂ ಚಾ ಕೊಡಲು ಹೋಗಿ ಆಂಟಿಯ ಕುರ್ಚಿಯನ್ನೇ ಕೊಟ್ಟುಬಿಟ್ಟಿದ್ದೆವು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಎರಡು ವಾರ ಅವರು ಒಳಗೆ ಹೋದದ್ದನ್ನು ನೋಡಿಕೊಂಡೇ ಕಸದ ಡಬ್ಬಿ ಹೊರಗಿಡುತ್ತಿದ್ದೆ.

ಆಂಟಿ ಮಾತ್ರ ಬೋರ್ಡಿನ ಒಂದು ಮೀಟಿಂಗೂ ತಪ್ಪಿಸಲಿಲ್ಲ. ಸಾರ್ವಜನಿಕರಿಗೆ ಕೊಡುವ ಮೂರು ನಿಮಿಷದಲ್ಲಿ ಫುಟ್‌ಪಾತಿನ ವಿಷಯವನ್ನೇ ಹೇಳಿದರು. ಕೊನೆಗೆ ಒಂದು ದಿನ ಅಜ್ಜ ತಾವೇ ಬಂದು, ಅವರ ಜೊತೆ ಆ ಹುಲ್ಲಿನಲ್ಲಿ ಲೈಬ್ರರಿಯವರೆಗೂ ನಡೆದರಂತೆ.

ಈಗ ಮತ್ತೆ ಚುನಾವಣೆ, ಬ್ಯಾಲೆಟ್ ಅಂಚೆಯಲ್ಲಿ ಮನೆಗೇ ಬಂದಿದೆ. ಆಂಟಿಯೂ ನಿಂತಿದ್ದಾರೆ, ಅಜ್ಜನೂ. ಈ ಸಲ ಮೊದಲ ಓಟು ಹಾಕುತ್ತಿರುವ ನನ್ನ ಮಗಳು “ಜಸ್ಟ್ ಒನ್, ಅಪ್ಪ” ಎಂದು ಪಕ್ಕದಲ್ಲೇ ಕಾವಲು ಕೂತಳು. ಆಂಟಿಯ ಹೆಸರೊಂದನ್ನೇ ಗುರುತು ಮಾಡಿ, ಹಳೆಯ ಪಾಪ ತೊಳೆದ ಹೆಮ್ಮೆಯಲ್ಲಿ ಅವರಿಗೇ ಫೋನ್ ಮಾಡಿದೆ.

ಆಂಟಿ ನಕ್ಕರು. “ನಾನು ಎರಡು ಹಾಕಿದೀನಪ್ಪ. ಒಂದು ನಂಗೆ, ಒಂದು ಆ ಅಜ್ಜಂಗೆ. ಗೆದ್ಮೇಲೆ ನಾನೊಬ್ಳೇ ಕೈ ಎತ್ತಿದ್ರೆ ಫುಟ್‌ಪಾತ್ ಆಗತ್ತಾ?”

ಫೋನಿಟ್ಟು ಮತ್ತೆ ಪೆನ್ನು ಎತ್ತಿಕೊಂಡೆ. ಮಗಳು ಹಣೆ ಚಚ್ಚಿಕೊಂಡಳು. ದಾಕ್ಷಿಣ್ಯಕ್ಕಲ್ಲ ಎಂದು ಅವಳಿಗೆ ಹೇಳಿ ಅಜ್ಜನ ಹೆಸರನ್ನೂ ಗುರುತು ಮಾಡಿದೆ. ಮೂರನೆಯದನ್ನು ಖಾಲಿ ಬಿಟ್ಟೆ.