ಅಡುಗೆ ಕಟ್ಟೆಯ ಕೆಳಗಿನ ಕೆಂಪು

ಇಳಕಲ್ಲಿನ ಬಾಡಿಗೆ ಮನೆಗೆ ಬಂದ ಮೂರನೆಯ ದಿನ ನಾನು ಕಿರುಚಿಕೊಂಡೆ. ಗ್ಯಾಸಿನ ಟ್ಯೂಬು ಸಿಕ್ಕಿಸಲು ಅಡುಗೆ ಕಟ್ಟೆಯ ಕೆಳಗೆ ಅಂಗಾತ ಮಲಗಿ ಮೊಬೈಲಿನ ಬೆಳಕು ಬಿಟ್ಟರೆ, ಮೂಗಿನಿಂದ ಗೇಣು ದೂರದಲ್ಲಿ ಒಂದು ಕೆಂಪು, ಕಪ್ಪಿನೊಳಗೆ ನುಗ್ಗುತ್ತಿತ್ತು. ಕಟ್ಟೆಯ ಕಲ್ಲಿನ ಅಡಿಮೈಗೆ ಯಾರೋ ಬಳಿದ ಚಿತ್ರ; ಮನುಷ್ಯರಿಲ್ಲ, ಮರವಿಲ್ಲ, ಹೂವಿಲ್ಲ. ಮೈಸೂರಿನ ಚಿತ್ರಶಾಲೆಗಳಲ್ಲಿ ಟಿಕೆಟ್ ಕೊಂಡು ಎಷ್ಟೋ ಚಿತ್ರ ನೋಡಿದ್ದೇನೆ. ಒಂದೂ ನನ್ನ ಎದೆ ಹೀಗೆ ಬಡಿದುಕೊಳ್ಳುವಂತೆ ಮಾಡಿರಲಿಲ್ಲ.

ಮನೆಯೊಡತಿ ಗಂಗವ್ವ ಓಡಿ ಬಂದರು. "ಹಾವು ಬಂತೇನ್ರಿ?" ನಾನು ಬೆರಳು ತೋರಿಸಿದೆ. ಅವರು ಬಗ್ಗಿ ನೋಡಿ ನಕ್ಕರು. "ಅಯ್ಯ, ಅದು ಮೊದಲ ನಮ್ಮ ಓಣಿಯಾಗ ಇದ್ದ ಈರಪ್ಪಣ್ಣನ ಹುಚ್ಚಾಟ ರೀ. ಕಲ್ಲಿನ ಫ್ಯಾಕ್ಟರಿಯೊಳಗ ಪಾಲಿಶ್ ಮಾಡ್ತಿದ್ದ. ಕಂಡ ಕಂಡ ಕಲ್ಲಿನ ಹಿಂದ ಕೆಸರ ಬಳೀತಿದ್ದ."

ಮೈಸೂರಿನಲ್ಲಿ ಮನೆ ಕೊಡುವವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ಗಂಗವ್ವ ಬೀಗದ ಕೈ ಕೊಟ್ಟು ಕೇಳಿದ್ದು ಒಂದೇ: "ಊಟ ಆತೇನ್ರಿ?" ಆದರೆ ಬಾಗಿಲು ತಟ್ಟುವ ಅಭ್ಯಾಸ ಅವರಿಗಿಲ್ಲ. ನಾನು ಕಾಲೇಜಿನಲ್ಲಿ ಪಾಠ ಹೇಳಿ ಬರುವಷ್ಟರಲ್ಲಿ ನನ್ನ ಪಾತ್ರೆಗಳೆಲ್ಲ ಜಾಗ ಬದಲಿಸಿರುತ್ತಿದ್ದವು. "ನೀವು ರೇಡಿಯೋದಾಗ ಮಾತಾಡಿದಂಗ ಮಾತಾಡ್ತೀರಿ" ಎಂದು ಓಣಿಯವರೆಲ್ಲ ನಗುತ್ತಿದ್ದರು. ಭಾನುವಾರಗಳಲ್ಲಿ ಊರಿನ ನೆನಪಾಗಿ ಅಳು ಬರುತ್ತಿತ್ತು. ಮೊದಲ ರೊಟ್ಟಿ ಹರಿಯದೆ ತಟ್ಟಿದ ದಿನ ಅಮ್ಮನಿಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡೆ.

ಈರಪ್ಪನವರನ್ನು ಹುಡುಕಿಕೊಂಡು ಹೋದೆ. ಕಲ್ಲಿನ ಧೂಳು ಕುಡಿದ ಎದೆ, ಎರಡು ಮಾತಿಗೊಮ್ಮೆ ಏದುಸಿರು. ಕಲ್ಲು ಕೊಯ್ಯುವಾಗ ಹರಿಯುವ ಕೆಸರಿಗೆ ಜಾಲಿ ಅಂಟು ಕಲಸಿ, ಮಧ್ಯಾಹ್ನದ ಬಿಡುವಿನಲ್ಲಿ ಕಲ್ಲಿನ ಒರಟು ಬೆನ್ನಿಗೆ ಬಳಿಯುತ್ತಿದ್ದರಂತೆ. ಸಂಜೆ ಲಾರಿ ಬಂದರೆ ಕಲ್ಲು ಹೋಯಿತು. ಮನೆ ಕಟ್ಟುವವರು ಆ ಬೆನ್ನಿಗೇ ಸಿಮೆಂಟು ಮೆತ್ತಿ ಕೂರಿಸುತ್ತಾರೆ. ಅಂದರೆ ಒಬ್ಬ ಮನುಷ್ಯನ ಇಡೀ ಜೀವಮಾನದ ಕೆಲಸ ಸಿಮೆಂಟಿನಡಿ ಹೂತುಹೋಗಿದೆ!

"ಗೊತ್ತಿದ್ದೂ ಯಾಕೆ ಬರೆದಿರಿ?"

"ಕಲ್ಲಿನ ಮುಂದಿನ ಹೊಳಿಯೋ ಮಾರಿ ಮಾಲಕರದು. ಹಿಂದಿಂದು ನಂದು" ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಖರೆ ಹೇಳ್ತೇನಿ, ಕುಂತು ನೋಡಿದ್ದು ಒಂದೂ ಇಲ್ಲವ್ವಾ" ಎಂದರು.

ಗಂಗವ್ವನ ಅಡುಗೆ ಕಟ್ಟೆಯ ಕಲ್ಲು ಎರಡು ಗೋಡೆಗಳ ಮೇಲೆ ಸುಮ್ಮನೆ ಕೂತಿದೆ, ಬೆನ್ನಿಗೆ ಸಿಮೆಂಟಿಲ್ಲ ಎಂದೆ. ನಾನು ಫೋನಿನಲ್ಲಿ ತೆಗೆದಿದ್ದ ಫೋಟೋಗಳನ್ನು ತೋರಿಸಿದೆ. ಗ್ಯಾಸಿನ ಟ್ಯೂಬು ಬಿಟ್ಟರೆ ಅವುಗಳಲ್ಲೆಲ್ಲ ಬರೀ ಕತ್ತಲು. ಮುದುಕ ನನ್ನ ಕೈ ಹಿಡಿದುಕೊಂಡರು. "ಸಾಯೂದರಾಗ ಒಂದು ಸಲ ಕಣ್ಣಿಲೆ ನೋಡಬೇಕು."

ಭಾನುವಾರ ಈರಪ್ಪಣ್ಣ ನಿಮ್ಮ ಕಲ್ಲು ನೋಡಲು ಬರುತ್ತಾರೆ ಎಂದು ಗಂಗವ್ವನಿಗೆ ಹೇಳಿ, ಅಂದು ಬೆಳಿಗ್ಗೆ ಆಟೋ ತಂದು ಅವರನ್ನು ಕರೆದುಕೊಂಡು ಬಂದೆ. ಅಡುಗೆಮನೆಯಲ್ಲಿ ಚಾಪೆ ಹಾಸಿ, ಬೆನ್ನಿಗೆ ಕೈ ಕೊಟ್ಟು ಮಲಗಿಸಿದೆ. ನಾನೂ ಪಕ್ಕದಲ್ಲಿ ಮಲಗಿ ಬೆಳಕು ಬಿಟ್ಟೆ.

ಬರಿಯ ಕಲ್ಲು. ಇನ್ನೂ ಒದ್ದೆ.

ಗಂಗವ್ವ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಪಾಲಿಶ್ ಮಾಡಾಂವ ಕಲ್ಲು ನೋಡಾಕ ಬರ್ತಾನಂದ್ರ ಹೊಲಸ ಇರಬಾರದಲ್ಲ ರೀ. ನಸುಕಿನ್ಯಾಗ ಎದ್ದು ಬ್ರಷ್ ಹಚ್ಚಿ ತಿಕ್ಕೇನಿ. ಒಂದು ಕಲಿ ಬಿಟ್ಟಿಲ್ಲ ನೋಡ್ರಿ!"

ನನ್ನ ಬಾಯಿ ತೆರೆಯಿತು. ಈರಪ್ಪನವರು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಒತ್ತಿದರು. ಬಹಳ ಹೊತ್ತು ಆ ಒದ್ದೆ ಕಲ್ಲನ್ನೇ ನೋಡಿದರು. ಕಣ್ಣೀರು ಕಿವಿಯ ಕಡೆಗೆ ಹರಿಯಿತು.

"ಭಾಳ ಛಲೋ ತೊಳದೀ, ತಂಗಿ" ಎಂದರು.

ಗಂಗವ್ವ ಹಿಗ್ಗಿ ಹೋಳಿಗೆ ಬಡಿಸಿದರು. ಮೂವರೂ ಕೂತು ತಿಂದೆವು. ಮೈಸೂರಿನವಳೇ ಆಗಿ ಉಳಿದಿದ್ದರೆ ನಾನು ಗಂಗವ್ವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಇಲ್ಲಿಯವಳೇ ಆಗಿದ್ದರೆ ಮರೆತುಬಿಡುತ್ತಿದ್ದೆ. ಎರಡೂ ನನ್ನಿಂದ ಆಗುತ್ತಿಲ್ಲ.