ತಾಂಬೂಲದ ಚೀಲಗಳ ಹಾಜರಿ

ಮೊನ್ನೆ ಅಡುಗೆಮನೆಯ ಮೊಳೆಗೆ ನೇತುಬಿದ್ದಿದ್ದ ತಾಂಬೂಲದ ಚೀಲವನ್ನು ನನ್ನ ಹೆಂಡತಿ ಬಿಸಾಡಲು ಹೊರಟಳು. ಹಳದಿ ಚೀಲ, ಒಳಗೆ ಒಣಗಿದ ವೀಳ್ಯದೆಲೆಯ ವಾಸನೆ, ಹೊರಗೆ ವಧೂವರರ ಹೆಸರು, ತಾರೀಕು. 'ಇರಲಿ ಬಿಡು' ಎಂದೆ. 'ಯಾಕೆ, ಇದೂ ಯಾವುದಾದರೂ ಕೇಸಿಗೆ ಬೇಕಾ?' ಎಂದಳು. ನನ್ನ ಹಳೆಯ ಸಾಹಸಗಳಿಗೆ ಮನೆಯಲ್ಲಿರುವ ಮರ್ಯಾದೆ ಇಷ್ಟೇ.

ಕೆಲವು ವರ್ಷಗಳ ಹಿಂದೆ ನಂಜನಗೂಡಿನಲ್ಲಿ ನಾವು ಮೊದಲಿದ್ದ ವಠಾರದಲ್ಲಿ ಜಯಮ್ಮ ಎಂಬವರಿದ್ದರು. ಮದುವೆ ಅಡುಗೆಯ ಕಾಂಟ್ರಾಕ್ಟರ್ ಶಿವಣ್ಣನ ಬಳಿ ಕೆಲಸ: ಹೆಚ್ಚುವುದು, ರುಬ್ಬುವುದು, ಪಾಕ ಹಿಡಿಯುವುದು. ಕೂಲಿ ದಿನಕ್ಕಲ್ಲ, ಮದುವೆಗೆ. ಒಂದು ಮದುವೆ ಎಂದರೆ ಹಿಂದಿನ ದಿನ ಮಧ್ಯಾಹ್ನ ತರಕಾರಿಗೆ ಚಾಕು ಹಾಕಿದಲ್ಲಿಂದ ಮಾರನೆಯ ದಿನ ಕೊನೆಯ ಕೊಳಗ ತೊಳೆಯುವವರೆಗೆ. ಅದರಲ್ಲೂ ಕೈಗೆ ಬರುತ್ತಿದ್ದದ್ದು ಅರ್ಧ, ಮಿಕ್ಕಿದ್ದು ಆಷಾಢಕ್ಕೆ. ಆಷಾಢದಲ್ಲಿ ಮದುವೆಗಳಿಲ್ಲ, ಆಗ ಲೆಕ್ಕ ಚುಕ್ತಾ ಎಂಬುದು ಆ ಕಸುಬಿನ ಪದ್ಧತಿ. ಆಷಾಢ ಬಂದಾಗ ಶಿವಣ್ಣ ಒಂದಿಷ್ಟು ಕೊಟ್ಟು, 'ಉಳಿದದ್ದು ನನ್ನತ್ರ ಇರ್ಲಿ ಕಣಮ್ಮ, ಎಲ್ಲೋಯ್ತದೆ' ಎನ್ನುತ್ತಿದ್ದ. ಹಣ ಅವನಲ್ಲಿರುವ ತನಕ ಜಯಮ್ಮನೂ ಎಲ್ಲೂ ಹೋಗುವ ಹಾಗಿರಲಿಲ್ಲ.

ಹೋಗಬೇಕೆಂದಿದ್ದರು ಪಾಪ. ತಿ. ನರಸೀಪುರದ ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ನೋಡಿದ್ದರು, ಇಡ್ಲಿ ಹೋಟೆಲ್ ಮಾಡಲು. ಅಡ್ವಾನ್ಸಿಗೆ ಬೇಕಾದ ದುಡ್ಡೆಲ್ಲ ಶಿವಣ್ಣನ ಜೇಬಿನಲ್ಲಿ. 'ಮೇಷ್ಟ್ರೇ, ಓದ್ದೋರು ನೀವು, ಒಸಿ ದಾರಿ ತೋರ್ಸಿ' ಎಂದರು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ತಾಂಡವಪುರದಲ್ಲಿ ಬಸ್ಸಿಳಿದು ವಾಪಸು ಬರುವವನು ನಾನು, ನನ್ನನ್ನು ಕೇಳಿದರು.

ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ದಿನದ ಲೆಕ್ಕದ್ದು, ಹೆಚ್ಚಿನ ಗಂಟೆಗೆ ದುಪ್ಪಟ್ಟು. ಮದುವೆಯನ್ನು ಗಂಟೆಗೆ ಇಳಿಸಲು ಕೂತೆ. 'ರಾತ್ರಿ ಮಲಗ್ತಿದ್ರಾ?'

'ಒರಗ್ತಿದ್ದೆ. ಒಂದು ಕಣ್ಣು ಬೇಯೋ ಬೇಳೆ ಮೇಲೇ ಇರ್ತಿತ್ತು.'

ಒಂದು ಕಣ್ಣಿನ ನಿದ್ದೆಗೆ ಕೂಲಿ ಎಷ್ಟು ಎಂದು ಯಾವ ಅಧಿಸೂಚನೆಯಲ್ಲೂ ಬರೆದಿಲ್ಲ, ಸ್ವಾಮಿ. ಕೂಡಿದಾಗಲೆಲ್ಲ ಬೇರೆ ಮೊತ್ತ ಬಂತು. ಸಾಲದ್ದಕ್ಕೆ, ಬಾಕಿ ಕೂಲಿಯ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕು, ತಡವಾದರೆ ಕಾರಣ ಬರೆಯಬೇಕು ಎಂದರು ಮೈಸೂರಿನ ಕಾರ್ಮಿಕ ಕಚೇರಿಯಲ್ಲಿ. ಆಷಾಢದಿಂದ ಆಷಾಢಕ್ಕೆ ಒಂದು ವರ್ಷ ಎಂಬುದು ಕಾಯಿದೆ ಬರೆದವರಿಗೆ ಗೊತ್ತಿದ್ದಂತಿರಲಿಲ್ಲ. 'ಕೆಲಸ ಮಾಡಿದ್ದಕ್ಕೆ ಸಾಕ್ಷಿ?' ಎಂದರು ಅಧಿಕಾರಿ, ಕನ್ನಡಕದ ಮೇಲಿಂದ ನೋಡುವ ಹೆಂಗಸು. ಹಾಜರಿ ಪುಸ್ತಕ ಶಿವಣ್ಣ ಕಂಡವನೇ ಅಲ್ಲ.

ಸಾಕ್ಷಿ ಜಯಮ್ಮನ ಮನೆಯಲ್ಲೇ ಇತ್ತು. ಪ್ರತಿ ಮದುವೆಯಲ್ಲೂ ಅಡುಗೆಯವರಿಗೆ ಕೊಟ್ಟ ತಾಂಬೂಲದ ಚೀಲಗಳಲ್ಲಿ ಅವರು ಈರುಳ್ಳಿ, ಹುಣಸೆಹಣ್ಣು ತುಂಬಿಟ್ಟಿದ್ದರು. ಒಂದೊಂದರ ಮೇಲೂ ತಾರೀಕು. ಅವತ್ತು ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅರ್ಜಿ ಹಾಕಿಸಿ, ವಿಚಾರಣೆಯ ದಿನ ಎಲ್ಲವನ್ನೂ ತನ್ನಿ ಎಂದೆ.

ತಂದರು. ಒಗೆದು ತಂದರು.

'ಕೊಳಕು ಚೀಲ ಆಪೀಸ್ನೋರ ಮೇಜಿನ ಮೇಲೆ ಎಂಗೆ ಇಡಾದು? ಬಿಸಿನೀರಲ್ಲಿ ನೆನ್ಸಿ ಉಜ್ಜಿದೆ.' ಅಗ್ಗದ ಅಚ್ಚು. ಹೆಸರೂ ಇಲ್ಲ, ತಾರೀಕೂ ಇಲ್ಲ, ಒಂದರ ಮೇಲೆ ಗಣಪತಿಯ ಹೊಟ್ಟೆ ಮಾತ್ರ ಉಳಿದಿತ್ತು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ನೋಟಿಸಿಗೆ ಬಂದಿದ್ದ ಶಿವಣ್ಣ ಚೀಲಗಳನ್ನು ನೋಡಿ ನಕ್ಕ. 'ಎಲ್ಲೋ ನಾಲ್ಕೈದು ಮದ್ವೆಗೆ ಬಂದಿದ್ಲು ಮೇಡಂ. ಇವೆಲ್ಲ ಬೇರೆಯೋರ ಅಡುಗೆ.' ಅಷ್ಟರಲ್ಲಿ ಒಂದು ನೇರಳೆ ಚೀಲ ಅವನ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡ. 'ಇದು ಮಾತ್ರ ನಂದು. ಬನ್ನೂರಿನ ಮದ್ವೆ. ಆ ಚಿರೋಟಿ ತಿಂದೋರು ಈಗ್ಲೂ ನೆನೀತಾರೆ.'

'ಚಿರೋಟಿ ಅಲ್ಲ ಅಣ್ಣ, ಜಹಾಂಗೀರು' ಎಂದರು ಜಯಮ್ಮ. 'ನೀನು ಪಾಕ ಕೆಡಿಸಿದ್ದೆ. ನಾನೇ ತಿರ್ಗಾ ಹಿಡ್ದಿದ್ದು.'

'ಪಾಕ ಕೆಟ್ಟಿದ್ದು ಅಲ್ಲಿ ಅಲ್ಲ ಕಣಮ್ಮ, ಈ ಹಸಿರು ಚೀಲದ ಮದ್ವೇಲಿ. ಅವತ್ತು ನೀನು ಸಕ್ಕರೆ ಜಾಸ್ತಿ ಸುರಿದೆ.'

'ಹಸಿರು ಚೀಲದ ಮದ್ವೇಲಿ ಸಾರು ಸಾಲ್ದೆ ನೀನು ನೀರು ಬೆರ್ಸಿದ್ದು.'

ಒಂದೊಂದೇ ಚೀಲ ಎತ್ತಿ ಜಗಳವಾಡಿದರು. ಸಾರಿಗೆ ನೀರು ಬೆರೆಸಿದವನು ಎನಿಸಿಕೊಳ್ಳುವುದಕ್ಕಿಂತ ಬಾಕಿ ಉಳಿಸಿಕೊಂಡವನು ಎನಿಸಿಕೊಳ್ಳುವುದೇ ಶಿವಣ್ಣನಿಗೆ ಹಗುರವಾಗಿ ಕಂಡಿರಬೇಕು. ಅಧಿಕಾರಿ ತಲೆ ಎತ್ತದೆ ಬರೆದುಕೊಳ್ಳುತ್ತಲೇ ಇದ್ದರು. ಕೊನೆಗೆ, 'ಇಷ್ಟೂ ಮದುವೆಗೆ ಇವರು ಬಂದಿದ್ದರು ಅಂತ ನೀವೇ ಹೇಳಿದಿರಿ. ಸಹಿ ಹಾಕಿ' ಎಂದರು. ನಾನು ತಿದ್ದಿ ತೀಡಿ ಒಯ್ದಿದ್ದ ಲೆಕ್ಕದ ಹಾಳೆ ಕಂಕುಳಲ್ಲೇ ಬೆವೆತಿತ್ತು.

ಎಲ್ಲವೂ ದಕ್ಕಿತೆಂದು ತಿಳಿಯಬೇಡಿ. ಹಳೆಯ ಸೀಸನ್ನಿನ ಬಾಕಿ ತಡವಾಯಿತೆಂದು ಬಿದ್ದುಹೋಯಿತು. ಉಳಿದದ್ದನ್ನು ಶಿವಣ್ಣ ಗೊಣಗುತ್ತ ಕಂತಿನಲ್ಲಿ ಕಟ್ಟಿದ. ಅಷ್ಟರಲ್ಲಿ ಜಯಮ್ಮ ನೋಡಿದ್ದ ಮಳಿಗೆ ಮೊಬೈಲ್ ಅಂಗಡಿಯಾಗಿತ್ತು. ಪಕ್ಕದ ಓಣಿಯಲ್ಲಿ ಇಕ್ಕಟ್ಟಿನದೊಂದು ಸಿಕ್ಕಿತು.

ಮೊನ್ನೆಯ ಹಳದಿ ಚೀಲದ ನೆಪದಲ್ಲಿ ನಿನ್ನೆ ನರಸೀಪುರಕ್ಕೆ ಹೋಗಿದ್ದೆ. ಸಂಜೆ, ಜಯಮ್ಮನ ಹೋಟೆಲಿನ ಬಾಗಿಲು ಹಾಕುವ ಹೊತ್ತು. ಚಟ್ನಿ ರುಬ್ಬುವ ಹೆಂಗಸು ಕೈ ಒರೆಸಿಕೊಳ್ಳುತ್ತ, 'ಇವತ್ತಿಂದು ನಿಮ್ಮತ್ರನೇ ಇರ್ಲಿ ಜಯಕ್ಕ, ಹಬ್ಬಕ್ಕೆ ಒಟ್ಟಿಗೆ ಈಸ್ಕೋತೀನಿ' ಎಂದಳು. ಜಯಮ್ಮ ದುಡ್ಡನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

'ನಿನ್ ದುಡ್ಡು ನನ್ನತ್ರ ಇದ್ರೆ, ನಾಳೆ ನೀನು ಬರಾದು ಕೆಲ್ಸಕ್ಕೋ ಬಾಕಿಗೋ ನಂಗೆ ಎಂಗೆ ಗೊತ್ತಾಗ್ಬೇಕು? ತಗೊಂಡೋಗು.'

ಅವಳು ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸಿಗೆ ಓಡಿದಳು. ಬೆಳಿಗ್ಗೆ ಬರುತ್ತಾಳೋ ಇಲ್ಲವೋ ಎಂದು ನನಗೆ ಚಿಂತೆ ಹತ್ತಿತು. ಜಯಮ್ಮ ಆಗಲೇ ನಾಳೆಯ ಅಕ್ಕಿ ನೆನೆಹಾಕುತ್ತಿದ್ದರು.